ಹತ್ತನೆಯ ಪದ

ಮೂವತ್ತನಾಲ್ಕು ವರ್ಷ ಗಣಿತ ಹೇಳಿಕೊಟ್ಟಿದ್ದೇನೆ. ಕೂಡುವುದರಲ್ಲಿ ತಪ್ಪಿದವರ ಕಿವಿ ಹಿಂಡಿದ್ದೇನೆ, ಕಳೆಯುವುದರಲ್ಲಿ ತಪ್ಪಿದವರ ಅಪ್ಪಂದಿರನ್ನು ಕರೆಸಿ ನಾಲ್ಕು ಮಾತು ಆಡಿದ್ದೇನೆ. ಅಂಥ ನಾನೇ ಹನ್ನೊಂದು ವರ್ಷದ ಹಿಂದೆ ಒಂದು ಅರ್ಜಿಯ ಮೇಲೆ ತಪ್ಪು ಗುರುತು ಹಾಕಿ ಕೂತಿದ್ದೆ ಎಂಬುದು ಗೊತ್ತಾದದ್ದು ಈ ಮೇ ತಿಂಗಳಲ್ಲಿ, ಕೊನೆಯ ಗಂಟೆಗೆ ಇನ್ನು ಹದಿಮೂರು ದಿನ ಉಳಿದಿದ್ದಾಗ.

ಕೊನೆಯ ಗಂಟೆ ಎಂದರೆ ಶಾಲೆ ಮುಗಿಸುವವರ ಬೀಳ್ಕೊಡುಗೆ. ಆ ದಿನ ಹನ್ನೊಂದನೇ ತರಗತಿಯ ಎತ್ತರದ ಹುಡುಗ ಒಂದನೇ ತರಗತಿಯ ಪುಟ್ಟ ಹುಡುಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಯ ಅಂಗಳ ಸುತ್ತುತ್ತಾನೆ. ಅವಳು ಕೈಗಂಟೆ ಬಾರಿಸುತ್ತಾಳೆ. ಅಮ್ಮಂದಿರು ಅಳುತ್ತಾರೆ, ಅಪ್ಪಂದಿರು ಮೂಲೆಯಲ್ಲಿ ದೊಡ್ಡ ಬಾಣಲೆಯಿಟ್ಟು ಓಶ್ ಪಲಾವು ಬೇಯಿಸುತ್ತ ಅನ್ನಕ್ಕೆ ನೀರು ಹೆಚ್ಚಾಯಿತು ಕಡಿಮೆಯಾಯಿತು ಎಂದು ಜಗಳವಾಡುತ್ತಾರೆ. ತಾಷ್ಕೆಂಟಿನ ಎಲ್ಲ ಶಾಲೆಗಳಲ್ಲೂ ನಡೆಯುವುದು ಇದೇ. ನಮ್ಮದು ಯೆಹೂದಿ ಶಾಲೆಯಾದ್ದರಿಂದ ಅಮ್ಮಂದಿರು ಸ್ವಲ್ಪ ಹೆಚ್ಚೇ ಅಳುತ್ತಾರೆ. ಇಲ್ಲಿ ಓದು ಮುಗಿಸಿದವರು ಊರಲ್ಲಿ ಉಳಿಯುವುದಿಲ್ಲ. ಒಬ್ಬ ಇಸ್ರೇಲಿಗೆ, ಒಬ್ಬ ನ್ಯೂಯಾರ್ಕಿಗೆ, ಹಿಂದಿನಿಂದ ಮನೆಮಂದಿಯೂ ಗಂಟುಮೂಟೆ ಕಟ್ಟುತ್ತಾರೆ. ನಾನು ಸೇರಿದಾಗ ಒಂದು ತರಗತಿಗೆ ಮೂವತ್ತು ಮಕ್ಕಳಿದ್ದರು. ಈ ಸಲ ನನ್ನ ಹನ್ನೊಂದನೇ ತರಗತಿಯಲ್ಲಿ ಇದ್ದದ್ದು ಒಂಬತ್ತು, ಆರು ಹುಡುಗರು, ಮೂರು ಹುಡುಗಿಯರು.

ಆ ಆರು ಹುಡುಗರ ಮೇಲೆ ನನ್ನ ಅಣ್ಣನ ಮಾನ ನಿಂತಿತ್ತು.

ಅಣ್ಣ ಮನಾಶ್, ನಮ್ಮ ಮೊಹಲ್ಲಾದ ಕ್ಷೌರಿಕ. ಅರವತ್ತಾರು ವರ್ಷದಲ್ಲಿ ಅಮ್ಮ ಹೇಳಿದ ಒಂದು ಮಾತನ್ನೂ ಕೇಳಿದವನಲ್ಲ. ಟೋಪಿ ಹಾಕಿಕೋ ಎಂದರೆ ಬರಿತಲೆ, ಸಿಗರೇಟು ಬಿಡು ಎಂದರೆ ಇನ್ನೊಂದು ಪ್ಯಾಕು. ಹೋದ ವರ್ಷ ಜೂನಿನಲ್ಲಿ ಅಮ್ಮ ಹಾಸಿಗೆ ಹಿಡಿದಾಗ ಅವನನ್ನು ಹತ್ತಿರ ಕರೆದು, ಕದ್ದಿಷ್ ಆದರೂ ಬಿಡದೆ ಹೇಳುತ್ತೀಯೇನೋ ಎಂದು ಕೇಳಿದಳು. ಸತ್ತವರಿಗಾಗಿ ಮಗ ಹನ್ನೊಂದು ತಿಂಗಳು ದಿನವೂ ಹೇಳಬೇಕಾದ ಪ್ರಾರ್ಥನೆ ಅದು. ಹೇಳುತ್ತೇನೆ ಎಂದ. ಅಮ್ಮ ನಂಬಲಿಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಂಬದೆಯೇ ಕಣ್ಣು ಮುಚ್ಚಿದಳು. ಅದು ಅವನಿಗೆ ಎಲ್ಲಿ ನಾಟಿತೋ ಏನೋ, ಮಣ್ಣು ಮಾಡಿದ ಮರುದಿನದಿಂದ ಒಂದು ಬೆಳಿಗ್ಗೆಯನ್ನೂ ತಪ್ಪಿಸಿರಲಿಲ್ಲ. ಹನ್ನೊಂದು ತಿಂಗಳು ತುಂಬುವುದು ಸರಿಯಾಗಿ ಕೊನೆಯ ಗಂಟೆಯ ದಿನವೇ.

ಕದ್ದಿಷನ್ನು ಒಬ್ಬನೇ ಹೇಳುವಂತಿಲ್ಲ. ಹತ್ತು ಮಂದಿ ಯೆಹೂದಿ ಗಂಡಸರು ಕೂಡಿರಬೇಕು. ನಮ್ಮ ಮೊಹಲ್ಲಾದ ಪ್ರಾರ್ಥನಾಮಂದಿರದಲ್ಲಿ ಈಗ ಶನಿವಾರ ಬಿಟ್ಟರೆ ಹತ್ತು ತಲೆ ಕೂಡುವುದಿಲ್ಲ. ಅದಕ್ಕೇ ಉಳಿದ ದಿನ ಬೆಳಿಗ್ಗೆ ಏಳಕ್ಕೆ ಶಾಲೆಯ ಪ್ರಾರ್ಥನಾ ಕೋಣೆಗೇ ಬರುತ್ತಿದ್ದ. ರಬ್ಬಿ ಶಿಮ್‌ಶೋನ್, ಅಡುಗೆಮನೆಯ ಧಾರ್ಮಿಕ ಶುದ್ಧಿ ನೋಡಿಕೊಳ್ಳುವ ಬೋರ್ಯಾ, ಕಿವಿ ಕೇಳದ ಅಬೋಹಾಯ್ ತಾತ, ನನ್ನ ಅಣ್ಣ, ರಜೆಯಲ್ಲೂ ತಪ್ಪದೆ ಬಂದ ನನ್ನ ಆರು ಹುಡುಗರು. ಒಬ್ಬ ಹೆಚ್ಚಿಲ್ಲ, ಒಬ್ಬ ಕಡಿಮೆಯಿಲ್ಲ.

ಎಷ್ಟು ಮಂದಿ ಬಂದಿದ್ದಾರೆಂದು ನಾವು ಒಂದು ಎರಡು ಎಂದು ಎಣಿಸುವುದಿಲ್ಲ. ಮನುಷ್ಯರನ್ನು ಅಂಕಿಯಿಂದ ಎಣಿಸಿದರೆ ದೃಷ್ಟಿಯಾಗುತ್ತದೆ. ಹತ್ತು ಪದಗಳಿರುವ ಒಂದು ಪ್ರಾರ್ಥನೆಯ ಸಾಲನ್ನು ರಬ್ಬಿ ಗೊಣಗುತ್ತಾರೆ, ತಲೆಗೊಂದು ಪದದಂತೆ. ಕೊನೆಯ ಪದಕ್ಕೂ ಒಂದು ತಲೆ ಸಿಕ್ಕಿದರೆ ಪುಸ್ತಕ ತೆರೆಯುತ್ತಾರೆ. ಹಿಂದಿನ ಬೆಂಚಿನಲ್ಲಿ, ಹೆಂಗಸರ ಪರದೆಯಾಚೆ, ಹುಡುಗರು ನಿದ್ದೆ ಹೋಗದಂತೆ ಕೆಮ್ಮುತ್ತ ನಾನು ಕೂತಿರುತ್ತಿದ್ದೆ. ಆರು ಹುಡುಗರಲ್ಲಿ ಎತ್ತರದವನಾದ ಇಲ್ಯಾವ್ ಯಾವಾಗಲೂ ಬಾಗಿಲ ಬಳಿ ನಿಲ್ಲುತ್ತಿದ್ದದ್ದರಿಂದ ಹತ್ತನೆಯ ಪದ ದಿನವೂ ಅವನ ತಲೆಯ ಮೇಲೇ ಬೀಳುತ್ತಿತ್ತು.

ಆ ಹುಡುಗ ಪ್ರಾರ್ಥನೆಯಲ್ಲಿ ಉಳಿದ ಐವರ ಹಾಗಲ್ಲ. ಅವರು ಮೊಬೈಲನ್ನು ಪುಸ್ತಕದೊಳಗೆ ಇಟ್ಟುಕೊಂಡವರು. ಇವನಿಗೆ ಇಡೀ ಪುಸ್ತಕ ಬಾಯಿಗೆ ಬರುತ್ತಿತ್ತು. ಅಣ್ಣ ಕದ್ದಿಷ್ ಹೇಳುವಾಗ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ ಎಂಬುದೂ ಗೊತ್ತಿತ್ತು. ಸರಿಯಾಗಿ ಅಲ್ಲಿ ಆಮೆನ್ ಎನ್ನುತ್ತಿದ್ದ. ಅವನ ದನಿ ಹಿಡಿದೇ ಮಿಕ್ಕವರು ಆಮೆನ್ ಎನ್ನುತ್ತಿದ್ದರು.

ಕೊನೆಯ ಗಂಟೆಗೆ ಹದಿಮೂರು ದಿನವಿದ್ದಾಗ ಒಂದು ಮಧ್ಯಾಹ್ನ ಇಲ್ಯಾವ್‌ನ ತಾಯಿ ಸ್ವೇತಾ ಕಾಗದಗಳ ಕಟ್ಟು ಹಿಡಿದು ಬಂದಳು. ಮಗ ಓದಲು ಇಸ್ರೇಲಿನ ಹೈಫಾಕ್ಕೆ ಹೋಗುವವನಿದ್ದ, ಶಾಲೆಯಿಂದ ಒಂದು ಪತ್ರ ಬೇಕಿತ್ತು. ಕಾಗದ ಸರಿಯಾಗಿವೆಯೇ ನೋಡಿಬಿಡಿ ಅಪಾ ಎಂದಳು. ಇಲ್ಲಿ ಹಿರಿಯ ಹೆಂಗಸರೆಲ್ಲ ಅಪಾ, ಅಂದರೆ ಅಕ್ಕ; ಹಿರಿಯ ಗಂಡಸರೆಲ್ಲ ಅಕಾ, ಅಂದರೆ ಅಣ್ಣ. ಹೊರಗೆ ಅಂಗಳದಲ್ಲಿ ಹುಡುಗಿಯರು ವಾಲ್ಟ್ಸ್ ಕುಣಿತ ಅಭ್ಯಾಸ ಮಾಡುತ್ತಿದ್ದರು, ಅದೇ ಹಾಡು ಹದಿನೇಳನೇ ಸಲ ಬರುತ್ತಿತ್ತು. ನಾನು ತಲೆ ಚಿಟ್ಟು ಹಿಡಿದು ಒಂದೊಂದೇ ಕಾಗದ ತಿರುವಿದೆ. ಕೊನೆಯಲ್ಲಿ ಒಂದು ಹಳೆಯ ಜನನಪತ್ರ ಇತ್ತು. ಹೆಸರು ರಝಿಯಾ. ಜನಾಂಗ ತಾತಾರ್.

ಇದು ಯಾರದು ಎಂದು ಕೇಳಿದೆ.

“ನಮ್ಮಮ್ಮಂದು,” ಎಂದಳು ಸ್ವೇತಾ. “ಎಲ್ರೂ ರೋಜಾ ಅಂತ ಕರೀತಿದ್ರಲ್ಲ, ಅವ್ರದೇ. ಕೋಕಂದ್‌ನಲ್ಲಿ ತೀರ್ಕೊಂಡ್ರು.”

“ನಿಮ್ಮಮ್ಮ ತಾತಾರ್?”

“ಹೂಂ. ಅಪ್ಪ ನಮ್ಮೋರು. ನಂಗೆ ಹದಿನಾರಾದಾಗ ಪಾಸ್‌ಪೋರ್ಟಿಗೆ ಅಪ್ಪಂದೇ ಬರೆಸಿದ್ವಿ. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ ಅಪಾ. ಸೇರಿಸ್ಕೊಳ್ಳೋವಾಗ ನೀವೇ ತಾನೆ ನೋಡಿ ಗುರುತು ಹಾಕಿದ್ದು?”

ಹೌದು, ನಾನೇ. ಅಂದು ಆಗಸ್ಟ್ ತಿಂಗಳ ಸೆಕೆ, ಸಾಲು ಉದ್ದ ಇತ್ತು, ನನ್ನ ಕೈಯಲ್ಲಿ ಏಪ್ರಿಕಾಟ್ ಹಣ್ಣಿತ್ತು. ತಾಯಿಯ ಪಾಸ್‌ಪೋರ್ಟಿನಲ್ಲಿ ಜನಾಂಗದ ಸಾಲಿಗೆ ‘ಯೆಹೂದಿ’ ಎಂದು ಬರೆದಿತ್ತು. ಸರಿ ಎಂದು ಗುರುತು ಹಾಕಿದೆ. ಸೋವಿಯತ್ ಕಾಲದಲ್ಲಿ ಬೆಳೆದ ನಮ್ಮಂಥವರಷ್ಟೇ ಮಾಡಬಹುದಾದ ತಪ್ಪು ಅದು. ಸರ್ಕಾರಕ್ಕೆ ಅಪ್ಪನ ಜನಾಂಗವಾದರೂ ಸರಿ, ಅಮ್ಮನದಾದರೂ ಸರಿ, ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು. ನಮ್ಮ ಧರ್ಮ ಕೇಳುವುದು ಅಮ್ಮನನ್ನು, ಅಮ್ಮನ ಅಮ್ಮನನ್ನು, ಅವಳ ಅಮ್ಮನನ್ನು. ನಾನು ಸರ್ಕಾರದ ಕಾಗದ ನೋಡಿ ಧರ್ಮದ ಉತ್ತರ ಬರೆದಿದ್ದೆ. ಹುಡುಗನ ಅಪ್ಪ ನಮ್ಮವನು, ಅಪ್ಪನ ತಂದೆ ತಾಯಿ ನಮ್ಮವರು, ಅಮ್ಮನ ಅಪ್ಪ ನಮ್ಮವನು. ನನ್ನ ಗಣಿತದಲ್ಲಿ ಮುಕ್ಕಾಲು ಪಾಲು. ಧರ್ಮದ ಗಣಿತದಲ್ಲಿ ಸೊನ್ನೆ.

ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಬಾಯಿಗೆ ಬೀಗವಿಲ್ಲದ ಹೆಂಗಸು ನಾನು. ಅಯ್ಯೋ ಸ್ವೇತಾ, ಹಾಗಾದರೆ ಇವನು ಹತ್ತರಲ್ಲಿ ಬರುವುದೇ ಇಲ್ಲವಲ್ಲ ಎಂದುಬಿಟ್ಟೆ. ತಲೆಯೆತ್ತಿದರೆ ಬಾಗಿಲಲ್ಲಿ ಇಲ್ಯಾವ್ ನಿಂತಿದ್ದ. ಅಭ್ಯಾಸಕ್ಕೆಂದು ಹೆಗಲ ಮೇಲೆ ಒಂದನೇ ತರಗತಿಯ ಅದಿನಾ ಕೂತಿದ್ದಳು, ಅವಳ ಕಾಲೆರಡನ್ನೂ ಹಿಡಿದುಕೊಂಡಿದ್ದ.

“ಬೆಳಿಗ್ಗೆ ನಾನು ಲೆಕ್ಕಕ್ಕಿಲ್ವಾ ಅಪಾ?” ಎಂದು ಕೇಳಿದ.

ಯಾರಿಗೂ ಹೇಳಬೇಡ, ಹದಿಮೂರು ದಿನ ಸುಮ್ಮನಿದ್ದುಬಿಡು ಎಂದೆ. ಪರೀಕ್ಷೆಯಲ್ಲಿ ನಕಲು ಮಾಡಿದರೆ ಕಾಗದ ಹರಿದು ಬಿಸಾಡುವ ನಾನು ಅವನಿಗೆ ಹೇಳಿಕೊಟ್ಟದ್ದು ಇದನ್ನು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅವನು ಅದಿನಾಳನ್ನು ನಿಧಾನವಾಗಿ ಕೆಳಗಿಳಿಸಿ, ಅವಳ ಬಿಳಿ ರಿಬ್ಬನ್ ಸರಿಮಾಡಿ, ಹೊರಟುಹೋದ.

ಮರುದಿನ ಬೆಳಿಗ್ಗೆ ರಬ್ಬಿ ಸಾಲು ಗೊಣಗಿದರು. ಒಂಬತ್ತನೆಯ ಪದಕ್ಕೆ ತಲೆಗಳು ಮುಗಿದವು. ಹತ್ತನೆಯದನ್ನು ಬಾಯಲ್ಲಿ ಇಟ್ಟುಕೊಂಡೇ ಬಾಗಿಲು ನೋಡಿದರು. ಕಿಟಕಿಯಿಂದ ನನಗೆ ಕಾಣುತ್ತಿತ್ತು, ಇಲ್ಯಾವ್ ಅಂಗಳದ ಹಿಪ್ಪುನೇರಳೆ ಮರದ ಕೆಳಗೆ ಕಟ್ಟೆಯ ಮೇಲೆ ಕೂತಿದ್ದ. ಶಾಲೆಗೆ ಸಮಯಕ್ಕೆ ಸರಿಯಾಗಿ ಬಂದಿದ್ದ, ಒಳಗೆ ಬರಲೊಲ್ಲ. ಅಣ್ಣ ಹೊರಗೆ ಹೋಗಿ ಕರೆದ. ಹುಡುಗ ಎದ್ದುನಿಂತು, ತಲೆ ಬಗ್ಗಿಸಿ, ಆಗುವುದಿಲ್ಲ ಅಕಾ ಎಂದಷ್ಟೇ ಹೇಳಿದನಂತೆ.

ಅಣ್ಣನಿಗೆ ಮೈ ಉರಿಯಿತು. ಪರೀಕ್ಷೆ ಹತ್ತಿರ ಬಂತು, ವರ್ಷ ಮುಗಿಯಿತು, ಇನ್ನು ಮುದುಕರ ಹಂಗೇಕೆ ಎಂಬ ಕೊಬ್ಬು ಎಂದುಕೊಂಡ. ಆ ದಿನ ಬೋರ್ಯಾ ಯಾರಿಗೋ ಫೋನು ಮಾಡಿ ಚೋರ್ಸು ಸಂತೆಯಿಂದ ಒಬ್ಬ ಚಪ್ಪಲಿ ಅಂಗಡಿಯವನನ್ನು ಎಳೆದುತಂದ. ಅವನೇ ಮತ್ತೆ ಕೆಲವು ದಿನ ಬಂದ. ಇನ್ನೊಂದು ದಿನ ಅಜ್ಜನ ಗೋರಿ ನೋಡಲು ನ್ಯೂಯಾರ್ಕಿನಿಂದ ಬಂದವನೊಬ್ಬ ಹೋಟೆಲಿನ ಚಪ್ಪಲಿಯಲ್ಲೇ ಬಂದು ನಿಂತ. ಆದರೆ ಎರಡು ಬೆಳಿಗ್ಗೆ ಯಾರೂ ಸಿಗಲಿಲ್ಲ. ಎಂಟರ ಗಂಟೆ ಹೊಡೆಯಿತು, ಹುಡುಗರು ತರಗತಿಗೆ ಹೋದರು, ಅಣ್ಣ ತೆರೆದ ಪುಸ್ತಕದ ಮುಂದೆ ನಿಂತೇ ಇದ್ದ. ಹನ್ನೊಂದು ತಿಂಗಳಲ್ಲಿ ತಪ್ಪದ್ದು ಕೊನೆಯ ವಾರದಲ್ಲಿ ತಪ್ಪಿತು. ಎರಡನೆಯ ದಿನ ಅವನು ಹೊರಬಂದು, ಅಮ್ಮ ನಂಬದೇ ಇದ್ದದ್ದೇ ಸರಿಯಾಯಿತು ನೋಡು ಎಂದು ನನಗೆ ಹೇಳಿದ.

ನನ್ನದೋ ಬಿಸಿತುಪ್ಪದ ಪಾಡು. ಸತ್ಯ ಹೇಳಿದರೆ, ಈ ಎರಡು ದಿನ ಹಾಳಾಗಲಿ, ಶನಿವಾರ ಬಿಟ್ಟರೆ ಹನ್ನೊಂದು ತಿಂಗಳ ಅಷ್ಟೂ ಬೆಳಿಗ್ಗೆ ನೀನು ಒಂಬತ್ತೇ ಮಂದಿಯ ಮುಂದೆ ಹೇಳಿದ್ದೀಯ, ಒಂದೂ ಲೆಕ್ಕಕ್ಕಿಲ್ಲ ಎಂದು ಹೇಳಿದ ಹಾಗೆ. ಹೇಳದಿದ್ದರೆ, ತಪ್ಪು ಮಾಡಿದವಳು ನಾನು, ಬೈಸಿಕೊಳ್ಳುವವನು ಹುಡುಗ. ರಾತ್ರಿ ಒಂದು ನಿರ್ಧಾರ, ಬೆಳಿಗ್ಗೆ ಇನ್ನೊಂದು. ತರಗತಿಯಲ್ಲಿ ಬೋರ್ಡಿನ ಮೇಲೆ ಒಂದು ಸುಲಭದ ಸಮೀಕರಣ ತಪ್ಪಾಗಿ ಬಿಡಿಸಿದೆ. ಮೊದಲ ಬೆಂಚಿನ ಹುಡುಗಿ ತಿದ್ದಿದಳು. ಇಡೀ ತರಗತಿ ನಕ್ಕಿತು, ಇಲ್ಯಾವ್ ಮಾತ್ರ ನಗಲಿಲ್ಲ.

ತಡೆಯಲಾರದೆ ರಬ್ಬಿ ಶಿಮ್‌ಶೋನ್ ಹತ್ತಿರ ಹೋದೆ. ನನ್ನ ಮಗನ ವಯಸ್ಸಿನವರು, ಜೆರುಸಲೇಮಿನಿಂದ ಬಂದು ಆರು ವರ್ಷವಾಗಿದೆ. ಕಾಫಿಗೆ ಸಕ್ಕರೆ ಹಾಕುತ್ತ ಕೂತಿದ್ದರು. ಒಂದು ಪ್ರಶ್ನೆ ಇದೆ, ಒಬ್ಬ ಹುಡುಗನ ವಿಷಯ, ಅವನ ಅಜ್ಜಿಯ ವಿಷಯ ಎಂದು ಶುರುಮಾಡಿದೆ. ಅವರು ಚಮಚ ಹಿಡಿದ ಕೈಯನ್ನು ಮೇಲೆತ್ತಿದರು.

“ನಿಲ್ಲಿ ಜುಲಾಯ್ ಅಪಾ. ನೀವು ಕೇಳಿದ್ರೆ ನಾನು ಉತ್ತರ ಹೇಳ್ಲೇಬೇಕು, ಇರೋದನ್ನೇ ಹೇಳ್ಬೇಕು. ಕೇಳ್ದೇ ಇದ್ರೆ ನಂಗೇನೂ ಗೊತ್ತಿಲ್ಲ. ಕೇಳ್ತೀರೋ ಇಲ್ವೋ, ಮೊದ್ಲು ಅದನ್ನ ಯೋಚ್ನೆ ಮಾಡಿ.”

ಯೋಚಿಸಿದೆ. ಯೋಚಿಸಿ ಎದ್ದು ಬಂದೆ. ಧೈರ್ಯವಿಲ್ಲದೆ ಎದ್ದೆನೋ ಬುದ್ಧಿಯಿದ್ದು ಎದ್ದೆನೋ ನನಗೇ ಗೊತ್ತಿಲ್ಲ. ನಾನು ಬಾಗಿಲು ಮುಚ್ಚುವಾಗಲೂ ಅವರು ಚಮಚವನ್ನು ಎತ್ತಿ ಹಿಡಿದೇ ಇದ್ದರು.

ಪೆಸಾಖ್ ಹಬ್ಬ ಕಳೆದ ಮೇಲೆ ಒಂದು ತಿಂಗಳಿಗೂ ಹೆಚ್ಚು ಕಾಲ ನಾವು ಕೂದಲು ಕತ್ತರಿಸುವುದಿಲ್ಲ. ಆ ದಿನಗಳು ಮುಗಿದು, ಕೊನೆಯ ಗಂಟೆಯೂ ಹತ್ತಿರ ಬಂದಾಗ ಅಣ್ಣನ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಿಂದಿನ ದಿನ ಮಧ್ಯಾಹ್ನ ಅವನಿಗೆ ಊಟ ತೆಗೆದುಕೊಂಡು ಹೋದೆ, ಕೊತ್ತಂಬರಿ ಸೊಪ್ಪು ಹೇರಳವಾಗಿ ಹಾಕಿದ ಹಸಿರನ್ನ. ಹುಡುಗರೆಲ್ಲ ಕತ್ತರಿಸಿಕೊಂಡು ಹೋಗಿದ್ದರು. ಗೋಡೆಯ ಬದಿಯ ಬೆಂಚಿನಲ್ಲಿ ಇಲ್ಯಾವ್‌ನ ತಾತ ಯೂನೋ ಪೇಪರು ಓದುತ್ತ ಕೂತಿದ್ದ.

ಯೂನೋ ಸ್ವೇತಾಳ ಅಪ್ಪ, ಆ ರೋಜಾಳ ಗಂಡ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು, ವಾರಕ್ಕೊಮ್ಮೆ ಗಡ್ಡ ಮಾಡಿಸಿಕೊಂಡು ಅಣ್ಣನ ಜೊತೆ ದೇವರ ವಿಷಯಕ್ಕೆ ಜಗಳವಾಡಿ ಹೋಗುವವನು. ಪ್ರಾರ್ಥನೆಯ ಒಂದು ಅಕ್ಷರವೂ ಬರುವುದಿಲ್ಲ. ಹತ್ತನೆಯವನಾಗಿ ಬಾ ಎಂದು ಅಣ್ಣ ಆ ವಾರವೇ ಎರಡು ಸಲ ಕೇಳಿದ್ದ. ಮೂವತ್ತು ವರ್ಷ ಪಾರ್ಟಿ ಸಭೆಗಳಲ್ಲಿ ಕೈಯೆತ್ತಿ ಎತ್ತಿ ಸಾಕಾಗಿದೆ, ಇನ್ನೊಂದು ಸಭೆಗೆ ಕರೆಯಬೇಡ ಎಂದು ಯೂನೋ ನಕ್ಕುಬಿಟ್ಟಿದ್ದ.

ನಾನು ಊಟದ ಪಾತ್ರೆ ಇಡುವಾಗ ಇಲ್ಯಾವ್ ಒಳಗೆ ಬಂದ. ಮರುದಿನ ಅದಿನಾಳನ್ನು ಹೊರುವವನು ಅವನೇ, ಕೂದಲು ಕುರಿಯ ಹಾಗೆ ಬೆಳೆದಿತ್ತು. ತಾತನನ್ನು ನೋಡಿ, ನನ್ನನ್ನು ನೋಡಿ, ಹಿಂದಕ್ಕೆ ಹೋಗುವುದೋ ಮುಂದಕ್ಕೆ ಬರುವುದೋ ತಿಳಿಯದೆ ನಿಂತ. ಅಣ್ಣ ಕುರ್ಚಿಗೆ ಕೈ ತೋರಿಸಿದ. ಬಿಳಿ ಬಟ್ಟೆ ಹೊದಿಸಿ ಕತ್ತಿಗೆ ಬಿಗಿಯಾಗಿ ಕಟ್ಟಿದ, ಬೇಕಾದ್ದಕ್ಕಿಂತ ಬಿಗಿಯಾಗಿ.

ಕತ್ತರಿ ಶುರುವಾದದ್ದೇ ಬೈಗುಳವೂ ಶುರುವಾಯಿತು. ಅಣ್ಣ ಕೂಗುವವನಲ್ಲ, ಕನ್ನಡಿಯನ್ನು ನೋಡಿಕೊಂಡು ಹೇಳುತ್ತಾನೆ. ನಿನ್ನನ್ನು ನಾನು ಮೊಮ್ಮಗನ ಹಾಗೆ ನೋಡಿದ್ದೆ, ಎಂದ. ಎಲ್ಲರೂ ತೂಕಡಿಸುವಾಗ ನೀನೊಬ್ಬ ಆಮೆನ್ ಅನ್ನುತ್ತಿದ್ದೆ, ಅದನ್ನು ನಂಬಿಕೊಂಡು ಬರುತ್ತಿದ್ದೆ ಎಂದ. ಇಷ್ಟು ದಿನ ಬಂದವನಿಗೆ ಹದಿಮೂರು ದಿನ ಭಾರವಾಯಿತೇ ಎಂದು ಕೇಳಿದ. ಬಟ್ಟೆಯ ಕೆಳಗೆ ಹುಡುಗನ ಕೈಗಳು ಒಂದನ್ನೊಂದು ಹಿಂಡುತ್ತಿದ್ದದ್ದು ಕಾಣುತ್ತಿತ್ತು. ಸುಮ್ಮನಿರು ಎಂದು ಹೇಳಿಕೊಟ್ಟವಳು ನಾನು. ಅವನು ಅದನ್ನು ಪಾಲಿಸುತ್ತಿದ್ದ.

ನನ್ನಿಂದ ಇನ್ನು ಆಗಲಿಲ್ಲ.

“ಅಣ್ಣ, ಅವನನ್ನ ಬಿಡು. ತಪ್ಪು ನಂದು,” ಎಂದೆ.

ಹೇಳಿದೆ. ಜನನಪತ್ರ, ಪಾಸ್‌ಪೋರ್ಟು, ಏಪ್ರಿಕಾಟ್, ಗುರುತು, ಎಲ್ಲವನ್ನೂ ಹೇಳಿದೆ. ಯೂನೋನ ಪೇಪರು ನಿಧಾನವಾಗಿ ಕೆಳಗಿಳಿಯಿತು. ಕತ್ತರಿ ನಿಂತಿತು. ಅರ್ಧ ತಲೆ ಕತ್ತರಿಸಿದ ಹುಡುಗ ಕನ್ನಡಿಯಲ್ಲಿ ನಮ್ಮೆಲ್ಲರನ್ನೂ ನೋಡುತ್ತಿದ್ದ. ಅಣ್ಣ ಬಾಚಣಿಗೆಯ ಕೂದಲು ಬಿಡಿಸಿದ. ಆಮೇಲೆ ಕತ್ತಿನ ಗಂಟು ಸಡಿಲ ಮಾಡಿ ಉಳಿದರ್ಧವನ್ನು ಕತ್ತರಿಸಿದ, ಅಷ್ಟು ನಾಜೂಕಾಗಿ ಅವನು ಮದುಮಕ್ಕಳಿಗೂ ಕತ್ತರಿಸಿದ್ದನ್ನು ನಾನು ನೋಡಿಲ್ಲ. ಬ್ರಷ್ಷಿನಿಂದ ಕತ್ತು ಕೊಡವಿ ಬಟ್ಟೆ ತೆಗೆದ.

“ನಾನು ಬೇಕೂಂತ ಮೋಸ ಮಾಡಿಲ್ಲ ಅಕಾ,” ಎಂದ ಇಲ್ಯಾವ್. “ಗೊತ್ತಾದ್ಮೇಲೆ ಹೆಂಗೆ ಬಂದು ನಿಲ್ಲೋದು?”

“ನಿನ್ನ ಮೇಲೆ ಕೋಪ ಇಲ್ಲ ಕಣೋ. ಯಾರ ಮೇಲೆ ಮಾಡ್ಕೋಬೇಕು ಅಂತಾನೇ ಗೊತ್ತಾಗ್ತಿಲ್ಲ.”

ಹುಡುಗ ಹೋದ. ಅಣ್ಣ ಖಾಲಿಯಾದ ಕುರ್ಚಿಯಲ್ಲಿ ತಾನೇ ಕೂತು ಕನ್ನಡಿ ನೋಡಿದ. ನನ್ನ ಕಡೆ ತಿರುಗದೆ ಕೇಳಿದ:

“ಹಂಗಾದ್ರೆ ಇಷ್ಟು ದಿನ ಅಮ್ಮಂಗೆ ತಲುಪಿದ್ದೇನು ಜುಲಾಯ್?”

ಊಟ ಆರುತ್ತಿದೆ ಎಂದೆ. ಬೇಡವೆಂದ. ಯೂನೋ ಪೇಪರನ್ನು ನಾಲ್ಕು ಮಡಿಕೆ ಮಾಡಿ, ಐದನೆಯದನ್ನೂ ಮಾಡಲು ನೋಡಿ, ಆಗದೆ, ಗಡ್ಡ ಮಾಡಿಸಿಕೊಳ್ಳದೇ ಎದ್ದುಹೋದ. ಆ ಅಂಗಡಿಯಲ್ಲಿ ಜಗಳವಾಡದೆ ಅವನು ಹೊರಬಿದ್ದದ್ದು ಅದೇ ಮೊದಲು.

ಕೊನೆಯ ಗಂಟೆಯ ಬೆಳಿಗ್ಗೆ ಆರೂವರೆಗೇ ಅಂಗಳದಲ್ಲಿ ಹೊಗೆ ಎದ್ದಿತ್ತು. ಅಪ್ಪಂದಿರು ಬಾಣಲೆಯ ಸುತ್ತ ಕ್ಯಾರೆಟ್ ಹೆಚ್ಚುತ್ತಿದ್ದರು. ನಾನು ಪ್ರಾರ್ಥನಾ ಕೋಣೆಯ ಹಿಂದಿನ ಬೆಂಚಿಗೆ ಹೋಗಿ ಕೂತೆ. ಹುಡುಗರು ಬಿಳಿ ಅಂಗಿ ತೊಟ್ಟು ಎದೆಗೆ ಅಡ್ಡ ನೀಲಿ ಪಟ್ಟಿ ಹಾಕಿಕೊಂಡು ಬಂದಿದ್ದರು, ಐವರು. ಬೋರ್ಯಾ ಮುಂಜಾನೆಯಿಂದ ಫೋನು ಮಾಡಿ ಮಾಡಿ ಸೋತಿದ್ದ. ಚಪ್ಪಲಿ ಅಂಗಡಿಯವನು ಸರಕು ತರಲು ಊರು ಬಿಟ್ಟಿದ್ದ, ನ್ಯೂಯಾರ್ಕಿನವನು ವಿಮಾನ ಹತ್ತಿದ್ದ. ಅಣ್ಣ ಬರುವುದೇ ಇಲ್ಲವೇನೋ ಎಂದುಕೊಂಡಿದ್ದೆ. ಬಂದ. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಟೋಪಿ. ಅಮ್ಮ ಹೊಲಿದ ಟೋಪಿ ಅದು, ಅವಳು ಬದುಕಿದ್ದಷ್ಟು ದಿನ ಅವನು ಹಾಕಿಕೊಳ್ಳದ್ದು.

ರಬ್ಬಿ ಸಾಲು ಗೊಣಗಿದರು. ಒಂಬತ್ತನೆಯ ಪದಕ್ಕೆ ನಿಂತಿತು. ಗೋಡೆಯ ಗಡಿಯಾರ ಏಳೂಕಾಲಾಯಿತು, ಏಳೂವರೆಯಾಯಿತು. ಒಂಬತ್ತಕ್ಕೆ ಸಮಾರಂಭ, ಎಂಟಕ್ಕೆ ಹುಡುಗರು ಫೋಟೋಕ್ಕೆ ಹೋಗಬೇಕು. ಅಬೋಹಾಯ್ ತಾತ ಏನಾಗುತ್ತಿದೆಯೆಂದು ತಿಳಿಯದೆ ಮಧ್ಯೆ ಮಧ್ಯೆ ಗಟ್ಟಿಯಾಗಿ ಆಮೆನ್ ಎನ್ನುತ್ತಿದ್ದ. ಯಾರಿಗೂ ನಗು ಬರಲಿಲ್ಲ. ಅಣ್ಣ ಬೆರಳನ್ನು ಪುಟದ ನಡುವೆ ಇಟ್ಟುಕೊಂಡು ನಿಂತಿದ್ದ. ಇನ್ನು ಅರ್ಧ ಗಂಟೆ ಕಳೆದರೆ ಹನ್ನೊಂದು ತಿಂಗಳೂ ಮುಗಿದಂತೆ, ಸರಿಯಾದ ಹತ್ತು ಮಂದಿಯ ಮುಂದೆ ಇನ್ನೊಂದೇ ಬೆಳಿಗ್ಗೆಯಾದರೂ ಹೇಳಿಬಿಡುವ ಕೊನೆಯ ಅವಕಾಶವೂ ಮುಗಿದಂತೆ.

ಗೇಟಿನ ಸದ್ದಾಯಿತು. ಕಿಟಕಿಯಿಂದ ನೋಡಿದೆ. ಇಲ್ಯಾವ್ ತಾತನ ತೋಳು ಹಿಡಿದು ಬೇಗ ಬೇಗ ನಡೆಸಿಕೊಂಡು ಬರುತ್ತಿದ್ದ. ಯೂನೋ ಹಳೇ ಕಪ್ಪು ಕೋಟು ತೊಟ್ಟು, ಕಾರ್ಖಾನೆಯ ಮೂರು ಪದಕಗಳನ್ನು ಎದೆಗೆ ಸಿಕ್ಕಿಸಿಕೊಂಡಿದ್ದ. ಸಭೆಯೆಂದರೆ ಅವನಿಗೆ ಗೊತ್ತಿದ್ದದ್ದು ಅದೊಂದೇ ಉಡುಪು. ಹುಡುಗ ರಾತ್ರಿ ಊಟಕ್ಕೆ ಕೂತಾಗ ತಾತನಿಗೆ ಹೇಳಿದ್ದು ಎರಡೇ ಮಾತಂತೆ, ಸ್ವೇತಾ ಆಮೇಲೆ ಹೇಳಿದಳು. “ಅಜ್ಜಿ ರೋಜಾ ಆಗಿದ್ದಕ್ಕೆ ನಂಗೆ ಬೇಜಾರಿಲ್ಲ ತಾತ. ಆದ್ರೆ ನಾಳೆ ನನ್ನ ಜಾಗದಲ್ಲಿ ನೀನು ನಿಂತ್ಕೋ.”

ಯೂನೋ ಏದುಸಿರು ಬಿಡುತ್ತ ಒಳಗೆ ಬಂದು ಕೋಣೆಯನ್ನು ಒಮ್ಮೆ ನೋಡಿದ.

“ಲೆಕ್ಕಕ್ಕೆ ನಾನು ಬರ್ತೀನಂತೆ. ಪುಸ್ತಕ ಪೂರ್ತಿ ಬಾಯಿಗೆ ಬರೋನು ಬರಲ್ವಂತೆ. ಅದೇನು ಲೆಕ್ಕವೋ ಮಾರಾಯ್ರೆ ನಿಮ್ಮದು,” ಎಂದ.

ರಬ್ಬಿ ಅಷ್ಟು ಹೊತ್ತಿನಿಂದ ಬಾಯಲ್ಲಿಟ್ಟುಕೊಂಡಿದ್ದ ಹತ್ತನೆಯ ಪದವನ್ನು ಯೂನೋನ ಕಡೆ ನೋಡಿ ಹೇಳಿದರು. ಬೋರ್ಯಾ ಅವನ ಕೈಗೊಂದು ಪುಸ್ತಕ ಕೊಟ್ಟ. ಯೂನೋ ಅದನ್ನು ತಲೆಕೆಳಗಾಗಿ ಹಿಡಿದ. ಇಲ್ಯಾವ್ ಹೊಸ್ತಿಲಾಚೆ ನಿಂತಿದ್ದ, ಬಿಳಿ ಅಂಗಿ, ನೀಲಿ ಪಟ್ಟಿ, ಅಣ್ಣ ಕತ್ತರಿಸಿದ ತಲೆ. ಅಣ್ಣ ತಿರುಗಿ ಅವನನ್ನು ನೋಡಿದ.

“ಅಲ್ಲೇ ನಿಂತ್ರೆ ಇವನಿಗೆ ಪುಟ ಯಾರು ತೋರಿಸ್ತಾರೆ? ಒಳಗೆ ಬಾ.”

ಹುಡುಗ ಒಳಗೆ ಬಂದು ತಾತನ ಕೈಯಲ್ಲಿದ್ದ ಪುಸ್ತಕವನ್ನು ನೆಟ್ಟಗೆ ಮಾಡಿದ. ಪ್ರಾರ್ಥನೆ ಉದ್ದಕ್ಕೂ ಬೆರಳಿಟ್ಟು ತೋರಿಸುತ್ತ ಹೋದ. ಕದ್ದಿಷಿನ ಸರದಿ ಬಂತು. ಅಣ್ಣ ಮೊದಲ ಸಾಲು ಹೇಳಿ, ಎಂದಿನಂತೆ ಉಸಿರು ತೆಗೆದುಕೊಂಡ. ಆಮೆನ್ ಎಂದಿತು ಇಲ್ಯಾವ್‌ನ ದನಿ, ಅಭ್ಯಾಸಬಲ. ಎಂದ ಮೇಲೆ ಅವನಿಗೇ ಗಾಬರಿಯಾಗಿ ತಾತನ ಮೊಣಕೈ ತಿವಿದ. ಯೂನೋ ತಡವರಿಸಿ ಆಮೆನ್ ಎಂದ. ಆ ಮೇಲೆ ಪ್ರತಿ ಸಲವೂ ಹಾಗೇ ಆಯಿತು. ಹುಡುಗನದೊಂದು, ಅದರ ಹಿಂದೆ ಕುಂಟುತ್ತ ತಾತನದೊಂದು. ಅಣ್ಣ ಎರಡಕ್ಕೂ ಕಾದು ಕಾದು ಮುಂದಿನ ಸಾಲಿಗೆ ಹೋಗುತ್ತಿದ್ದ. ಕೊನೆಯ ಸಾಲಿನಲ್ಲಿ ಅವನ ದನಿ ಒಡೆಯಿತು. ನಾನು ಪರದೆಯಾಚೆ ಸೆರಗಿಲ್ಲದ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡೆ.

ಮುಗಿಯಿತು. ಹುಡುಗರು ಪುಸ್ತಕ ಮುಚ್ಚಿ ಬಾಗಿಲ ಕಡೆ ಹೊರಟರು. ಯೂನೋ ಮಾತ್ರ ಅಲುಗಲಿಲ್ಲ. ಪದಕಗಳ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

“ಮನಾಶ್,” ಎಂದ. “ಇದನ್ನ ನಮ್ಮ ರೋಜಾಗೂ ಹೇಳ್ಬಹುದಾ?”

ಎಲ್ಲರೂ ರಬ್ಬಿಯ ಕಡೆ ನೋಡಿದೆವು. ಪ್ರಶ್ನೆ ತಮ್ಮನ್ನು ಕೇಳಿದ್ದಲ್ಲ ಎಂಬುದು ಅವರಿಗೆ ಹೊಳೆದಿರಬೇಕು. ಕಿಟಕಿಯ ಬಳಿ ಹೋಗಿ ನಮಗೆ ಬೆನ್ನು ಹಾಕಿ ಓಶ್ ಎಷ್ಟು ಬೆಂದಿದೆಯೆಂದು ನೋಡುತ್ತ ನಿಂತುಬಿಟ್ಟರು. ಅಣ್ಣ ಟೋಪಿಯನ್ನು ಸರಿಮಾಡಿಕೊಂಡ. ಯೂನೋನ ತೋಳು ಹಿಡಿದು ತಾನು ಹನ್ನೊಂದು ತಿಂಗಳು ನಿಂತಿದ್ದ ಜಾಗಕ್ಕೆ ಕರೆತಂದ.

“ನಾನು ಒಂದೊಂದೇ ಪದ ಹೇಳ್ತೀನಿ. ನನ್ನ ಹಿಂದೆ ಹೇಳು,” ಎಂದ.

ಹುಡುಗರು ಬಾಗಿಲಿನಿಂದ ಹಿಂದಕ್ಕೆ ಬಂದರು. ಯೂನೋ ಒಂದೊಂದೇ ಪದವನ್ನು ಬಾಯಿಯಲ್ಲಿ ತಿರುಗಿಸಿ ತಿರುಗಿಸಿ ಹೇಳಿದ. ಇಲ್ಯಾವ್ ಅಜ್ಜಿಗೆ ಆಮೆನ್ ಎಂದ. ಈ ಸಲ ಯಾರ ಮೊಣಕೈಯನ್ನೂ ತಿವಿಯಬೇಕಾಗಿರಲಿಲ್ಲ.

ನಾನು ಮಾಡಬಾರದ್ದನ್ನು ಮಾಡಿದೆ. ಪರದೆಯ ಸಂದಿಯಿಂದ ಒಂದು ಎರಡು ಎಂದು ಅಂಕಿಯಿಂದಲೇ ಎಣಿಸಿದೆ. ಹತ್ತು ಬಂತು. ಇನ್ನೊಮ್ಮೆ ಎಣಿಸಿದೆ, ಹನ್ನೊಂದು ಬಂತು. ಯಾರನ್ನು ಬಿಟ್ಟೆ, ಯಾರನ್ನು ಸೇರಿಸಿದೆ ಎಂದು ನೋಡಲು ಮೂರನೆಯ ಸಲ ಶುರುಮಾಡಿದೆ. ಅಷ್ಟರಲ್ಲಿ ಹೊರಗೆ ಗಂಟೆ ಮೊಳಗಿತು. ಹೊತ್ತಿಗೆ ಮುಂಚೆಯೇ ಬಂದ ಅದಿನಾ, ಯಾರೂ ತನ್ನನ್ನು ಹೊರಲು ಬರುತ್ತಿಲ್ಲವೆಂದು ಹಿಪ್ಪುನೇರಳೆ ಮರದ ಕಟ್ಟೆ ಹತ್ತಿ ನಿಂತು, ಇಲ್ಯಾವ್‌ನ ಹೆಸರು ಕೂಗುತ್ತ ತಾನೇ ಬಾರಿಸುತ್ತಿದ್ದಳು.